ನವನಗರದ ಫಿಸಿಯೋಥೆರಪಿ ಸೆಂಟರ್: ನೋವಿಗೊಂದು ಕಾಲಂ, ಸಂಕಟಕ್ಕೊಂದು ಕಾಲಂ

ಬಾಗಲಕೋಟೆಯಲ್ಲಿ ಒಳ್ಳೆಯ ಫಿಸಿಯೋಥೆರಪಿ ಸೆಂಟರ್ ಹುಡುಕುತ್ತಿರುವವರಿಗೆ ಇದು. ಅದರಲ್ಲೂ ಭುಜ ಹಿಡಿದುಕೊಂಡು, ರಾತ್ರಿ ಯಾವ ಮಗ್ಗುಲಿಗೆ ಮಲಗಬೇಕು ಅಂತ ಗೊತ್ತಾಗದೆ, ಎದ್ದು ಕೂತು ಮೊಬೈಲ್ ನೋಡುತ್ತಿರುವವರಿಗೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ನವನಗರದಲ್ಲಿದೆ ಅನ್ನುವುದು ಬಿಟ್ಟರೆ ಹೆಸರು, ಸೆಕ್ಟರ್ ನಂಬರ್ ಯಾವುದೂ ಹಾಕುವುದಿಲ್ಲ. ಯಾಕಂದ್ರೆ ಹೊಗಳಿಕೆ ಜೊತೆ ಒಂದು ಬೈಗುಳವೂ ಇದೆ. ಅದು ಅಲ್ಲಿ ಹೊಸದಾಗಿ ಸೇರಿದ ಹುಡುಗನಿಗೆ ಸೇರಬೇಕಾದ್ದು, ಅವನ ಹೊಟ್ಟೆ ಮೇಲೆ ಹೊಡೆಯುವ ಆಸೆ ನನಗಿಲ್ಲ.

ಮೊದಲು ನನ್ನ ಕೇಸು ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಬಲಗೈ ಭುಜ ಹಿಡಿದುಕೊಂಡಿತು. ಬಿದ್ದಿಲ್ಲ, ಭಾರ ಎತ್ತಿಲ್ಲ, ಸುಮ್ನೆ ಹಿಡಿದುಕೊಂಡಿತು. ಮೊದಲು ಬೋರ್ಡಿನ ಮೇಲಿನ ಸಾಲು ಕೈಗೆ ಸಿಗದಾಯಿತು. ಆಮೇಲೆ ತಲೆ ಬಾಚುವುದು, ಕುಪ್ಪಸದ ಹುಕ್ಕು, ಬಸ್ಸಿನ ಮೇಲಿನ ಕಂಬಿ, ಕೊನೆಗೆ ರೊಟ್ಟಿ ಬಡಿಯುವುದು ಎಲ್ಲ ಒಂದೊಂದಾಗಿ ಕೈಬಿಟ್ಟವು. ಮೂಳೆ ಡಾಕ್ಟರು ಎರಡೇ ನಿಮಿಷದಲ್ಲಿ ಫ್ರೋಜನ್ ಶೋಲ್ಡರ್ ಎಂದರು. ಭುಜದ ಕೀಲಿನ ಸುತ್ತ ಒಂದು ಪೊರೆ ಇರುತ್ತದೆ. ಅದು ಊದಿಕೊಂಡು, ದಪ್ಪಗಾಗಿ, ಬಿಗಿಯುತ್ತದೆ. 40ರಿಂದ 60 ವರ್ಷದವರಿಗೆ ಜಾಸ್ತಿ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಜಾಸ್ತಿ. ಮೊದಲು ನೋವಿನ ಹಂತ, ಆಮೇಲೆ ಬಿಗಿತದ ಹಂತ, ಕೊನೆಗೆ ತಾನಾಗಿ ಸಡಿಲವಾಗುವ ಹಂತ. ಎಲ್ಲ ಸೇರಿ ಒಂದರಿಂದ ಮೂರು ವರ್ಷ ಹಿಡಿಯಬಹುದು, ಕೆಲವರಿಗೆ ಸ್ವಲ್ಪ ಬಿಗಿತ ಹಾಗೇ ಉಳಿಯುತ್ತದೆ. ಡಾಕ್ಟರು ಇದನ್ನೆಲ್ಲ ಹೇಳುವಾಗ ನನ್ನ ತಲೆಗೆ ಹೋಗಿದ್ದು "ಮೂರು ವರ್ಷ" ಒಂದೇ.

ಎಕ್ಸ್-ರೇ ಕ್ಲೀನ್ ಬಂತು. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹಾಗೇ ಬರುತ್ತದಂತೆ, ಮೂಳೆಗೆ ಏನೂ ಆಗಿರುವುದಿಲ್ಲ. ಆದರೆ ಎಕ್ಸ್-ರೇಯಲ್ಲಿ ಏನೂ ಇಲ್ಲ ಅಂದರೆ ಮನೆಯವರ ಲೆಕ್ಕದಲ್ಲಿ ನಿನಗೆ ಏನೂ ಇಲ್ಲ ಅಂತ ಅರ್ಥ. ಯಾರೂ ಬೈಯಲಿಲ್ಲ, ಅದೇ ಕಷ್ಟ. "ಇರಲಿ ಬಿಡು, ರೊಟ್ಟಿ ಅಂಗಡಿಂದ ತರಿಸೋಣ" ಎಂದರು ಅತ್ತೆ. ಪಾಪ, ಒಳ್ಳೆ ಮಾತೇ ಅದು. ಮಾರನೇ ದಿನದಿಂದ ಖಡಕ್ ರೊಟ್ಟಿಯ ಕಟ್ಟು ಬರತೊಡಗಿತು, ಎಲ್ಲರೂ ತಿಂದರು, ಯಾರಿಗೂ ಏನೂ ಕಡಿಮೆಯಾಗಲಿಲ್ಲ. ಇಪ್ಪತ್ತು ವರ್ಷದ ಮೇಲೆ ನಾನು ಬಡಿದ ರೊಟ್ಟಿ ಇಷ್ಟು ಸಲೀಸಾಗಿ ಬದಲಾಗಬಹುದು ಅಂತ ಗೊತ್ತಾಗಿದ್ದು ಆಗಲೇ. ಭುಜ ಚುಚ್ಚಿದ್ದು ಬೇರೆ, ಇದು ಚುಚ್ಚಿದ್ದು ಬೇರೆ.

ಈಗ ಸೆಂಟರ್ ವಿಷಯ. ನೆಲಮಹಡಿಯಲ್ಲೇ ಇದೆ, ಇದು ದೊಡ್ಡ ಪ್ಲಸ್. ಮಂಡಿ ನೋವಿನವರಿಗೆ ಎರಡನೇ ಮಹಡಿಯಲ್ಲಿ ಚಿಕಿತ್ಸೆ ಕೊಡುವ ಜಾಗಗಳೂ ನಮ್ಮ ಜಿಲ್ಲೆಯಲ್ಲಿವೆ, ಲಿಫ್ಟ್ ಇರುವುದಿಲ್ಲ, ಹತ್ತಲು ಆಗುವವರಿಗೆ ಮಾತ್ರ ಪ್ರವೇಶ ಅನ್ನುವ ಹಾಗೆ. ಇಲ್ಲಿ ಆಟೋ ಬಾಗಿಲ ತನಕ ಬರುತ್ತದೆ. ಕುರ್ಚಿಗಳಿಗೆ ಕೈ ಇವೆ, ಹಿಡಿದು ಏಳಬಹುದು. ಹೆಂಗಸರಿಗೆ ಪರದೆ ಹಾಕಿದ ಬೇರೆ ಮಂಚ ಇದೆ, ಹೆಂಗಸರೇ ಚಿಕಿತ್ಸೆ ಕೊಡುತ್ತಾರೆ. ಸ್ವಚ್ಛತೆ ಚೆನ್ನಾಗಿದೆ. ಟಿವಿ ಮಾತ್ರ ದಿನವಿಡೀ ನ್ಯೂಸ್ ಚಾನೆಲ್ ಹಾಕಿಕೊಂಡು ಕಿರುಚುತ್ತಿರುತ್ತದೆ, ತಲೆನೋವು ಇಲ್ಲದವರಿಗೂ ಬರುತ್ತದೆ. ರಿಮೋಟ್ ಯಾರ ಹತ್ತಿರ ಇದೆ ಅನ್ನುವುದನ್ನು ಇವತ್ತಿನ ತನಕ ಯಾರೂ ಪತ್ತೆ ಮಾಡಿಲ್ಲ.

ಒಂದು ಸಲಕ್ಕೆ ಮುನ್ನೂರು ರೂಪಾಯಿ. ಹತ್ತು ಸಲದ್ದು ಒಟ್ಟಿಗೆ ಕಟ್ಟಿದರೆ ಸ್ವಲ್ಪ ಬಿಡುತ್ತಾರೆ, ಆದರೆ ಮೊದಲ ದಿನವೇ ಕಟ್ಟಿ ಅಂತ ಒತ್ತಾಯ ಇಲ್ಲ. ನನ್ನ ಆರೋಗ್ಯ ವಿಮೆ ಇದಕ್ಕೆ ಒಂದು ಪೈಸೆ ಕೊಡಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದರೆ ಮಾತ್ರ ಅವರ ಲೆಕ್ಕದಲ್ಲಿ ಕಾಯಿಲೆ, ಗೊತ್ತಲ್ವಾ.

ಮಷೀನುಗಳು ಎಲ್ಲ ಇವೆ: ಕರೆಂಟು ಕೊಡುವ ಐಎಫ್‌ಟಿ, ಅಲ್ಟ್ರಾಸೌಂಡ್, ಬಿಸಿ ಮೇಣದ ಪೆಟ್ಟಿಗೆ, ಗೋಡೆಗೆ ಹಾಕಿದ ಭುಜದ ಚಕ್ರ, ಬೆರಳಲ್ಲಿ ಹತ್ತುವ ಸಣ್ಣ ಏಣಿ, ರಾಟೆ. ಐಎಫ್‌ಟಿ ಹಾಕಿದಾಗ ಭುಜದಲ್ಲಿ ಜುಮ್ ಅನ್ನುತ್ತದೆ, ಹಿತವಾಗಿರುತ್ತದೆ. ಅದು ಯಾಕೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬಿಬ್ಬರು ಹೇಳಿದ ವಿವರಣೆ ಇವತ್ತಿಗೂ ಪುಸ್ತಕಗಳಲ್ಲಿದೆ. ಬೆನ್ನುಹುರಿಯಲ್ಲಿ ನೋವಿನ ಸುದ್ದಿ ಮೇಲೆ ಹೋಗುವ ಜಾಗದಲ್ಲಿ ಒಂದು ತಡೆ ಇದೆ, ಮುಟ್ಟಿದ, ಉಜ್ಜಿದ, ಜುಮ್ಮೆಂದ ಸುದ್ದಿ ಜಾಸ್ತಿ ಬಂದರೆ ನೋವಿನ ಸುದ್ದಿಗೆ ದಾರಿ ಕಡಿಮೆಯಾಗುತ್ತದೆ. ಮೊಣಕೈ ಬಾಗಿಲಿಗೆ ಬಡಿದಾಗ ತಕ್ಷಣ ಉಜ್ಜಿಕೊಳ್ಳುತ್ತೇವಲ್ಲ, ಅದೇ. ಆದರೆ ಮಷೀನಿನ ಹಿತ ಬಹಳ ಹೊತ್ತು ಉಳಿಯುವುದಿಲ್ಲ. ಮನೆಗೆ ಬಂದು ಪಾತ್ರೆ ತೊಳೆಯುವ ಹೊತ್ತಿಗೆ ಮುಗಿದಿರುತ್ತದೆ. ನಿಜವಾದ ಕೆಲಸ ಮಾಡುವುದು ವ್ಯಾಯಾಮ. ಬಗ್ಗಿ ನಿಂತು ಕೈ ಜೋತಾಡಿಸುವುದು, ಗೋಡೆ ಮೇಲೆ ಬೆರಳು ಹತ್ತಿಸುವುದು, ಬೆನ್ನ ಹಿಂದೆ ಟವೆಲ್ ಹಿಡಿದು ಮೇಲೆ ಎಳೆಯುವುದು. ಮುಖ್ಯ ಫಿಸಿಯೋ ಮೇಡಂ ಇದನ್ನು ಮೊದಲ ದಿನವೇ ಹೇಳಿದರು: "ಕರೆಂಟು ನಿಮ್ಮನ್ನ ವ್ಯಾಯಾಮಕ್ಕ ತಯಾರ ಮಾಡತೈತ್ರಿ, ಅಷ್ಟ." ಮಷೀನಿನಿಂದ ದುಡ್ಡು ಬರುವ ಅಂಗಡಿಯಲ್ಲಿ ಕೂತು ಈ ಮಾತು ಹೇಳುವವರು ಕಡಿಮೆ.

ಆದರೆ ನಾನು ಇಷ್ಟುದ್ದ ಬರೆಯಲು ಕಾರಣ ಮಷೀನಲ್ಲ. ಅವರು ಕೊಡುವ ಒಂದು ನೋಟ್‌ಬುಕ್.

ಎಲ್ಲಾ ಕಡೆ ಕೇಳುತ್ತಾರೆ, ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಅಂತ. ನಾವು ಮುಖ ಕಿವುಚಿ ಏಳೋ ಎಂಟೋ ಅನ್ನುತ್ತೇವೆ. ಈ ಮೇಡಂ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿಸುತ್ತಾರೆ. ಮೊದಲನೆಯದು ನೋವು. ಎರಡನೆಯದು ಸಂಕಟ. ಮೊದಲ ದಿನ ನನಗೆ ಅರ್ಥವಾಗಲಿಲ್ಲ, ನೋವು ಇದ್ದಲ್ಲಿ ಸಂಕಟ ಇದ್ದೇ ಇರುತ್ತದಲ್ಲ, ಎರಡು ಸಲ ಯಾಕೆ ಬರೆಯೋದು ಅಂತ ಕೇಳಿದೆ. ಅವರು ಹೇಳಿದ್ದು ಇದು. ಗಣಪತಿ ಕಳಿಸುವ ದಿನ ಓಣಿಯಲ್ಲಿ ಡಿಜೆ ಹಾಕಿದ್ದಾರೆ ಅಂದುಕೊಳ್ಳಿ. ಸದ್ದು ಎಷ್ಟು ಜೋರಿದೆ ಅನ್ನುವುದು ಮೊದಲ ಕಾಲಂ. ಆ ಸದ್ದಿಗೆ ನೀವು ಮುಂದೆ ನಿಂತು ಕುಣಿಯುತ್ತಿದ್ದೀರೋ, ಇಲ್ಲಾ ಒಳಗೆ ಜ್ವರ ಬಂದ ಮಗುವನ್ನು ಮಲಗಿಸುತ್ತಿದ್ದೀರೋ ಅನ್ನುವುದು ಎರಡನೇ ಕಾಲಂ. ವಾಲ್ಯೂಮ್ ಅದೇ.

ಇದು ಅವರ ಮನೆಯ ಐಡಿಯಾ ಅಲ್ಲ. ನಿದ್ದೆ ಬಾರದ ರಾತ್ರಿಗಳಲ್ಲಿ ನಾನು ಇದನ್ನೇ ಓದುತ್ತಾ ಕೂತಿದ್ದೆ. ನೋವಿನ ಸಂಶೋಧಕರು ತೀವ್ರತೆಯನ್ನೂ ಅದು ಕೊಡುವ ಕಿರಿಕಿರಿಯನ್ನೂ ಬಹಳ ಕಾಲದಿಂದ ಬೇರೆ ಬೇರೆ ಅಳೆಯುತ್ತಿದ್ದಾರೆ. 1997ರಲ್ಲಿ ಮಾಂಟ್ರಿಯಲ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಜನರ ಕೈಯನ್ನು ಸುಡುವಷ್ಟು ಬಿಸಿಯಾದ ನೀರಿನಲ್ಲಿ ಇಡಿಸಿ, ಸಮ್ಮೋಹನದಲ್ಲಿ "ಇದು ಅಷ್ಟೇನೂ ತೊಂದರೆ ಕೊಡುತ್ತಿಲ್ಲ" ಎಂಬ ಸೂಚನೆ ಕೊಟ್ಟರು. ನೀರಿನ ಬಿಸಿ ಅಷ್ಟೇ. ಎಷ್ಟು ಸುಡುತ್ತಿದೆ ಅಂದರೆ ಹೆಚ್ಚುಕಡಿಮೆ ಮೊದಲಿನಷ್ಟೇ ಅಂದರು. ಎಷ್ಟು ಕಷ್ಟವಾಗುತ್ತಿದೆ ಅಂದರೆ ಕಡಿಮೆ ಅಂದರು. ಮೆದುಳಿನ ಚಿತ್ರ ತೆಗೆದಾಗ, ಎಲ್ಲಿ ಎಷ್ಟು ನೋವು ಎಂದು ಗುರುತಿಸುವ ಭಾಗದಲ್ಲಿ ದೊಡ್ಡ ಬದಲಾವಣೆ ಇಲ್ಲ, ಕಿರಿಕಿರಿಗೆ ಸಂಬಂಧಪಟ್ಟ ಇನ್ನೊಂದು ಭಾಗದಲ್ಲಿ ಬದಲಾವಣೆ. ಅಂದರೆ ಎರಡು ಕಾಲಂ ತಲೆಯೊಳಗೇ ಇವೆ, ಮೇಡಂ ಅದನ್ನು ಪುಸ್ತಕಕ್ಕೆ ಇಳಿಸಿದ್ದಾರೆ ಅಷ್ಟೇ.

ಯುದ್ಧದ್ದೂ ಒಂದು ಕಥೆ ಇದೆ. 1944ರಲ್ಲಿ ಇಟಲಿಯ ಆಂಜಿಯೋದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ಡಾಕ್ಟರು ಗಾಯಾಳು ಸೈನಿಕರನ್ನು ನೋಡಿಕೊಳ್ಳುತ್ತಿದ್ದರು. ದೊಡ್ಡ ದೊಡ್ಡ ಗಾಯ, ಆದರೂ ನೋವಿಗೆ ಔಷಧಿ ಬೇಕಾ ಅಂತ ಕೇಳಿದರೆ ನಾಲ್ಕರಲ್ಲಿ ಮೂವರು ಬೇಡ ಅನ್ನುತ್ತಿದ್ದರು. ಯುದ್ಧ ಮುಗಿದ ಮೇಲೆ ಅದೇ ಡಾಕ್ಟರು ಊರಿನಲ್ಲಿ ಆಪರೇಷನ್ ಆದವರನ್ನು ಕೇಳಿದರು. ಗಾಯ ಚಿಕ್ಕದು, ಔಷಧಿ ಕೇಳುವವರೇ ಹೆಚ್ಚು. ಸೈನಿಕನಿಗೆ ಗಾಯ ಅಂದರೆ ಜೀವ ಉಳಿಯಿತು, ಇನ್ನು ಮನೆಗೆ ಕಳಿಸುತ್ತಾರೆ ಅಂತ. ಊರಿನವನಿಗೆ ಆಪರೇಷನ್ ಅಂದರೆ ಕೆಲಸ ಹೋಯಿತೇನೋ, ಸಾಲ ಹೆಂಗೆ ಅಂತ.

ನನ್ನ ನೋಟ್‌ಬುಕ್ಕಿನಲ್ಲಿ ಏನು ಬಂತು? ಮೇಡಂ ಕೈ ಹಿಡಿದು ಮೇಲೆ ಎತ್ತಿಸುವಾಗ ಕಣ್ಣಲ್ಲಿ ನೀರು ಬರುತ್ತದೆ. ನೋವು 8, ಸಂಕಟ 2. ಯಾಕಂದ್ರೆ ಎತ್ತುತ್ತಿರುವವರು ಯಾರು, ಎಷ್ಟು ಹೊತ್ತು, ಯಾತಕ್ಕೆ ಎಲ್ಲ ಗೊತ್ತು, ಸಾಕು ಅಂದರೆ ನಿಲ್ಲಿಸುತ್ತಾರೆ ಅಂತಲೂ ಗೊತ್ತು. ರಾತ್ರಿ ಎರಡು ಗಂಟೆಗೆ ಸುಮ್ಮನೆ ಕೂತಿದ್ದಾಗ ನೋವು 4, ಸಂಕಟ 9. ಎಸ್ಸೆಸ್ಸೆಲ್ಸಿ ಪಾಠ ಮುಗಿದಿಲ್ಲ, ಬೋರ್ಡಿನ ಕೆಳಗಿನ ಅರ್ಧದಲ್ಲಿ ಎಷ್ಟು ದಿನ ಬರೆಯೋದು, ಎಡಗೈಗೂ ಬಂದರೆ, ಮೂರು ವರ್ಷ. ಇದಕ್ಕೆ ಕರೆಂಟು ಎಲ್ಲಿ ಕೊಡುತ್ತೀರಿ? ಅತ್ತೆಯ ಅಕ್ಕ ಬಂದು "ನಮ್ಮ ಕಾಲಕ್ಕ ಇಂಥಾ ರೋಗ ಇರಲಿಲ್ಲವ್ವ" ಎಂದು ಹೋದ ದಿನ ನೋವು 3, ಸಂಕಟ ಬರೆಯಲೇ ಇಲ್ಲ, ಪೆನ್ ಎಸೆದೆ.

ಗಣಿತದವಳು ಸುಮ್ಮನೆ ಇರುತ್ತಾಳಾ? ಒಂದು ಭಾನುವಾರ ಗ್ರಾಫ್ ಹಾಳೆ ತೆಗೆದು ಅಡ್ಡಕ್ಕೆ ನೋವು, ಉದ್ದಕ್ಕೆ ಸಂಕಟ ಹಾಕಿ ಚುಕ್ಕೆ ಇಟ್ಟೆ. ಎರಡೂ ಒಂದೇ ಆಗಿದ್ದರೆ ಚುಕ್ಕೆಗಳು ಒಂದು ಗೆರೆಯ ಮೇಲೆ ಕೂರಬೇಕಿತ್ತು. ಕೂರಲಿಲ್ಲ, ಹಾಳೆ ತುಂಬ ಚೆಲ್ಲಿಕೊಂಡವು. ಹಾಗಂತ ಸಂಬಂಧವೇ ಇಲ್ಲ ಎನ್ನುವ ಹಾಗೂ ಇಲ್ಲ. ಸಂಕಟ ಮೇಲಿದ್ದ ರಾತ್ರಿಯ ಮರುದಿನ ಬೆಳಿಗ್ಗೆ ನೋವೂ ಒಂದೆರಡು ಅಂಕ ಮೇಲೇ ಇರುತ್ತಿತ್ತು. ನಿದ್ದೆ ಕೆಟ್ಟಿದ್ದು, ಹೆದರಿಕೆಗೆ ಕುತ್ತಿಗೆ, ಬೆನ್ನು ಎಲ್ಲ ಬಿಗಿ ಹಿಡಿದುಕೊಂಡಿದ್ದು, ವ್ಯಾಯಾಮ ತಪ್ಪಿಸಿದ್ದು ಎಲ್ಲ ಸೇರಿ. ಗ್ರಾಫ್ ಮೇಡಂಗೆ ತೋರಿಸಿದೆ. ಅವರು ಅದನ್ನು ಫೋಟೋ ತೆಗೆದುಕೊಂಡರು, ಇನ್ನೇನು ಗೋಡೆಗೆ ಅಂಟಿಸುತ್ತಾರೇನೋ ಅಂದುಕೊಂಡೆ, ಸದ್ಯ ಅಂಟಿಸಿಲ್ಲ.

ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಯಿತು ಅಂತ ಕೇಳಬಹುದು. ಬದಲಾಯಿತು. ರಾತ್ರಿಯ ಸಂಕಟ 9 ಅಂತ ನೋಡಿದ ಮೇಲೆ ಅವರು ಕರೆಂಟು ಹೆಚ್ಚು ಮಾಡಲಿಲ್ಲ. ಬಲಗೈ ಕೆಳಗೆ ದಿಂಬು ಇಟ್ಟು ಮಲಗುವುದು ಹೇಗೆ ಅಂತ ತೋರಿಸಿದರು, ಆ "ಮೂರು ವರ್ಷ"ವನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಅದರಲ್ಲಿ ನೋವಿನ ಹಂತ ಕೆಲವು ತಿಂಗಳು ಮಾತ್ರ, ಆಮೇಲೆ ಉಳಿಯುವುದು ಬಿಗಿತ, ಬಿಗಿತಕ್ಕೆ ರಾತ್ರಿ ಎಬ್ಬಿಸುವ ಶಕ್ತಿ ಇಲ್ಲ. ಇದನ್ನು ಮೂಳೆ ಡಾಕ್ಟರೂ ಹೇಳಿದ್ದರೇನೋ, ಕಿವಿಗೆ ಬೀಳಲಿಲ್ಲ. ಕೀಲಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸುವ ಮಾತೂ ಬಂತು. ಅದು ಮೊದಲ ಹಂತದ ನೋವಿಗೆ ಕೆಲವು ವಾರ ಚೆನ್ನಾಗಿ ಆರಾಮ ಕೊಡುತ್ತದೆ, ಆದರೆ ಸಕ್ಕರೆ ಇದ್ದವರಿಗೆ ಕೆಲವು ದಿನ ಸಕ್ಕರೆ ಏರಬಹುದು, ಡಾಕ್ಟರನ್ನು ಕೇಳಿಯೇ ಹಾಕಿಸಬೇಕು. ನಾನು ಹಾಕಿಸಲಿಲ್ಲ. ಎರಡನೇ ಕಾಲಂ ಇಳಿದ ಮೇಲೆ ಮೊದಲನೆಯದನ್ನು ತಡೆದುಕೊಳ್ಳುವುದು ಆಗುತ್ತಿತ್ತು.

ಕಾಯುವ ಜಾಗದಲ್ಲಿ ಸಿಕ್ಕವರ ಬಗ್ಗೆ ಹೇಳದಿದ್ದರೆ ಈ ರಿವ್ಯೂ ಅರ್ಧ. ಗುಳೇದಗುಡ್ಡದಿಂದ ಬರುವ ಒಬ್ಬ ನೇಕಾರರು, ಖಣ ನೇಯುವವರು, ಸೊಂಟ ನೋವು. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಬಾಗಿ ಕೂತು ದಶಕಗಳೇ ಆಗಿವೆ. ಎಂಆರ್‌ಐ ಮಾಡಿಸಿದ್ದಾರೆ, ಅದರಲ್ಲಿ ಡಿಸ್ಕ್ ಉಬ್ಬಿದೆ ಅಂತ ಬಂದಿದೆ, ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎದೆಗೆ ಅವುಚಿಕೊಂಡು ತಿರುಗುತ್ತಾರೆ. ಮೇಡಂ ಅವರಿಗೆ ಹೇಳುತ್ತಿದ್ದುದನ್ನು ಪರದೆ ಆಚೆಯಿಂದ ಕೇಳಿದೆ: ಏನೂ ನೋವಿಲ್ಲದವರಿಗೆ ಸ್ಕ್ಯಾನ್ ಮಾಡಿದರೂ ಬಹಳ ಜನರಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ ಅಂತ. ಇದೂ ನಿಜವೇ. 2015ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ನೋವೇ ಇಲ್ಲದ 20ರ ವಯಸ್ಸಿನವರಲ್ಲಿ ಶೇ. 30 ಮಂದಿಗೆ, 80ರವರಲ್ಲಿ ಶೇ. 84 ಮಂದಿಗೆ ಉಬ್ಬು ಇತ್ತು. ನೇಕಾರರು ಕೇಳಿಸಿಕೊಂಡರು. ಆಮೇಲೆ ಹೊರಗೆ ಬಂದು ನನಗೆ ಹೇಳಿದ್ದು: "ಸೊಂಟ ನಾಕ ಐತ್ರಿ ಟೀಚರ್. ಎರಡನೇದ್ದು ಒಂಬತ್ತ. ಮಗ ಮಗ್ಗ ಬ್ಯಾಡ ಅಂತಾನ, ಬೆಂಗಳೂರಿಗೆ ಹೊಕ್ಕಾನಂತ." ಎಂಆರ್‌ಐಯಲ್ಲಿ ಅದು ಬಂದಿಲ್ಲ.

ಇನ್ನೊಬ್ಬರು ಹಿರಿಯರು, ಹಳೇ ಬಾಗಲಕೋಟೆಯವರು, ಮಂಡಿ ನೋವು. ಆಲಮಟ್ಟಿ ಹಿನ್ನೀರಿಗೆ ಮನೆ ಹೋಗಿ ನವನಗರಕ್ಕೆ ಬಂದವರು. ನಮ್ಮೂರಲ್ಲಿ ಮುಳುಗಡೆ ಅಂದರೆ ಸಾಕು, ಯಾವ ಮುಳುಗಡೆ ಅಂತ ಯಾರೂ ಕೇಳುವುದಿಲ್ಲ. ಅವರಿಗೆ ತಮ್ಮ ಸಕ್ಕರೆ ಎಷ್ಟು ಅಂತ ನೆನಪಿರುವುದಿಲ್ಲ, ಪ್ರತಿ ಸಲ ಮಗನಿಗೆ ಫೋನ್ ಮಾಡಿ ಕೇಳುತ್ತಾರೆ. ಆದರೆ 519.60 ಮತ್ತು 524.256 ಎರಡೂ ಬಾಯಿಪಾಠ. ಮೊದಲನೆಯದು ಈಗ ನೀರು ನಿಲ್ಲಿಸುವ ಮಟ್ಟ, ಮೀಟರುಗಳಲ್ಲಿ. ಎರಡನೆಯದು 2010ರಲ್ಲಿ ಕೃಷ್ಣಾ ನದಿ ನೀರಿನ ನ್ಯಾಯಮಂಡಳಿ ಒಪ್ಪಿದ ಮಟ್ಟ, ಅಷ್ಟು ಏರಿಸಿದರೆ ಊರಿನ ಇನ್ನಷ್ಟು ಭಾಗ ನೀರಿಗೆ ಹೋಗುತ್ತದೆ. ಮೇಡಂ ಅವರ ಮುಂದೆಯೂ ನೋಟ್‌ಬುಕ್ ಇಟ್ಟರು. ಮೊದಲನೇ ಕಾಲಂನಲ್ಲಿ ಐದು ಅಂತ ಬರೆದರು. ಎರಡನೆಯದನ್ನು ನೋಡಿ, "ಇದು ಹತ್ತರಾಗ ಹಿಡಿಯೂದಲ್ಲ ಬಿಡವಾ" ಅಂದರು, ಚಾಳೀಸು ತೆಗೆದು ಜೇಬಿಗೆ ಹಾಕಿಕೊಂಡರು. ಪರಿಹಾರ ಕೊಡುವಾಗ ಗೋಡೆ ಅಳೆದರು, ಬಾಗಿಲು ಎಣಿಸಿದರು, ಬಾವಿಗೂ ದುಡ್ಡು ಕೊಟ್ಟರು ಅಂತ ಅವರೇ ಹೇಳುತ್ತಾರೆ. ಅವರು ಮಂಡಿಗೆ ಮಾತ್ರ ಚಿಕಿತ್ಸೆ ತೆಗೆದುಕೊಂಡು ಹೋಗುತ್ತಾರೆ. ಮೇಡಂ ಒತ್ತಾಯ ಮಾಡಲಿಲ್ಲ, ಅದನ್ನೂ ನಾನು ಪ್ಲಸ್ ಪಾಯಿಂಟ್‌ನಲ್ಲೇ ಸೇರಿಸುತ್ತೇನೆ.

ಮುಧೋಳ ಕಡೆಯ ಒಬ್ಬ ಹೆಂಗಸಿನದು ಬೇರೆಯೇ ಪೇಚು. ಕಾಲಿನ ನರದ ಉರಿಗೆ ಡಾಕ್ಟರು ರಾತ್ರಿಗೆ ಸಣ್ಣ ಡೋಸಿನ ಅಮಿಟ್ರಿಪ್ಟಿಲಿನ್ ಬರೆದಿದ್ದರು. ಗಂಡ ಮೊಬೈಲಿನಲ್ಲಿ ಹುಡುಕಿದ, ಡಿಪ್ರೆಶನ್ ಮಾತ್ರೆ ಅಂತ ಬಂತು. "ನನ್ನ ಹೆಂಡತಿಗೆ ಹುಚ್ಚೇನು?" ಅಂತ ಮಾತ್ರೆ ತಿಪ್ಪೆಗೆ ಎಸೆದ. ಆ ಮಾತ್ರೆ ಎರಡಕ್ಕೂ ಬಳಕೆಯಲ್ಲಿದೆ. ನರದ ನೋವಿಗೆ ಕಡಿಮೆ ಡೋಸು, ಖಿನ್ನತೆಗೆ ಅದರ ಎಷ್ಟೋ ಪಟ್ಟು ಹೆಚ್ಚು. ಡುಲಾಕ್ಸೆಟಿನ್ ಅನ್ನುವ ಇನ್ನೊಂದೂ ಹಾಗೇ, ಎರಡಕ್ಕೂ ಕೊಡುತ್ತಾರೆ. ಮೈಗೆ ಬೇರೆ ಔಷಧಿ ಅಂಗಡಿ, ಮನಸ್ಸಿಗೆ ಬೇರೆ ಅಂಗಡಿ ಅಂತ ನಾವು ಅಂದುಕೊಂಡಿದ್ದೇವೆ, ನರಗಳಿಗೆ ಅದು ಗೊತ್ತಿಲ್ಲ. ಮೇಡಂ ಗಂಡನನ್ನೇ ಕರೆದು ಕೂರಿಸಿ ವಿವರಿಸಿದರು, ಹಾಗೆ ನಡುವೆ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರ ಹತ್ತಿರವೇ ಹೋಗಿ ಕೇಳಿ ಅಂತ ಕಳಿಸಿದರು. ಇದಕ್ಕೆಲ್ಲ ಫೀಸು ಹಾಕಲಿಲ್ಲ.

ಈಗ ಕಳೆದ ಒಂದು ಸ್ಟಾರ್. ಶಾಲೆ ಬಿಟ್ಟು ಸಂಜೆ ಹೋದ ಒಂದು ದಿನ ಮೇಡಂ ಇರಲಿಲ್ಲ. ಮೇಲೆ ಹೇಳಿದ ಆ ಹುಡುಗ ಇದ್ದ. ಕೈ ಎತ್ತಿಸಿದ, ನಾನು ಅಯ್ಯೋ ಅಂದೆ. ನೋಟ್‌ಬುಕ್ ತಿರುವಿ ನೋಡಿದ, ಸಂಕಟ 9, 8, 9 ಅಂತ ಇದ್ದದ್ದು ಕಂಡು ನಕ್ಕು ಹೇಳಿದ: "ಮೇಡಂ, ಇದೆಲ್ಲ ನಿಮ್ಮ ಮನಸ್ಸಿನ್ಯಾಗ ಐತ್ರಿ. ಸುಮ್ನ ತಲಿ ಕೆಡಿಸ್ಕೋಬ್ಯಾಡ್ರಿ."

ಇದೇ ಮಾತನ್ನು ಮನೆಯಲ್ಲಿ ಎಕ್ಸ್-ರೇ ನೋಡಿ ಹೇಳಿದ್ದರು. ದುಡ್ಡು ಕೊಟ್ಟು ಕೇಳಬೇಕಾಗಿರಲಿಲ್ಲ. ಮನಸ್ಸಿನಲ್ಲಿದೆ ಅಂದರೆ ಇಲ್ಲವೇ ಇಲ್ಲ ಅಂತ ಅರ್ಥ ಹೇಗಾಗುತ್ತದೆ? ನೋವಿನ ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಂಘವೇ ನೋವು ಅಂದರೆ ಮೈಗೆ ಗೊತ್ತಾಗುವ ಅನುಭವವೂ ಹೌದು, ಭಾವನೆಯ ಅನುಭವವೂ ಹೌದು ಅನ್ನುತ್ತದೆ. 2020ರಲ್ಲಿ ಆ ವ್ಯಾಖ್ಯೆ ತಿದ್ದಿದಾಗ, ನನಗೆ ನೋವಿದೆ ಅಂತ ಒಬ್ಬರು ಹೇಳಿದರೆ ಅದನ್ನು ಗೌರವಿಸಬೇಕು ಅಂತ ಟಿಪ್ಪಣಿಯಲ್ಲೇ ಸೇರಿಸಿದ್ದಾರೆ. ಫಿಸಿಯೋಥೆರಪಿ ಓದಿದವನಿಗೆ ಇದು ಗೊತ್ತಿರಬೇಕು.

ಆ ಹುಡುಗನ ಮೇಲಿನ ಸಿಟ್ಟಿನಲ್ಲಿ ಇನ್ನೂ ಓದಿದೆ. 2003ರದ್ದು ಒಂದು ಹೆಸರಾದ ಪ್ರಯೋಗ. ಕಂಪ್ಯೂಟರಿನಲ್ಲಿ ಮೂವರು ಚೆಂಡು ಎಸೆಯುವ ಆಟ, ಸ್ವಲ್ಪ ಹೊತ್ತಾದ ಮೇಲೆ ಒಬ್ಬರಿಗೆ ಚೆಂಡು ಕೊಡುವುದನ್ನೇ ನಿಲ್ಲಿಸುತ್ತಾರೆ. ಹೊರಗೆ ಬಿದ್ದವರ ಮೆದುಳಿನಲ್ಲಿ, ಮೈನೋವಿನ ಕಿರಿಕಿರಿಯಲ್ಲಿ ಕೆಲಸ ಮಾಡುವ ಭಾಗವೇ ಚುರುಕಾಯಿತು. ಅದನ್ನು ಓದಿ ಮೈನೋವು, ಮನನೋವು ಎರಡೂ ಒಂದೇ ಅಂತ ಬಹಳ ಜನ ಬರೆದರು. ನನಗೆ ಅದು ಅತಿಯಾಯಿತು ಅನ್ನಿಸಿತ್ತು. 2014ರಲ್ಲಿ ಬೇರೆಯವರು ಇನ್ನೂ ಸೂಕ್ಷ್ಮವಾಗಿ ನೋಡಿದಾಗ, ಭಾಗ ಅದೇ ಆದರೂ ಒಳಗಿನ ವಿನ್ಯಾಸ ಬೇರೆ ಬೇರೆ ಅಂತ ಬಂತು. ನನ್ನ ಗ್ರಾಫಿನ ಜೊತೆ ಹೊಂದುವುದು ಇದು.

ಎರಡರ ನಡುವೆ ನನಗೆ ನಿಜವಾಗಿ ಕಾಣುವ ವ್ಯತ್ಯಾಸ ನೆನಪಿನದ್ದು. 2008ರಲ್ಲಿ ಇದರ ಮೇಲೂ ಪ್ರಯೋಗ ಮಾಡಿದ್ದಾರೆ. ಹಳೇ ಮೈನೋವನ್ನು ನೆನಪಿಸಿಕೊಂಡು ಬರೆಯಿರಿ, ಹಳೇ ಮನನೋವನ್ನು ನೆನಪಿಸಿಕೊಂಡು ಬರೆಯಿರಿ ಅಂದಾಗ, ಮನನೋವು ಬರೆದವರಿಗೆ ಈಗಲೂ ಹೆಚ್ಚು ನೋವಾಯಿತು. ಇದಕ್ಕೆ ಪ್ರಯೋಗಾಲಯ ಯಾಕೆ ಬೇಕು, ಹೆತ್ತ ಯಾವ ಹೆಂಗಸನ್ನಾದರೂ ಕೇಳಿ. ನನ್ನ ಮೊದಲ ಹೆರಿಗೆ ಇಡೀ ರಾತ್ರಿ ನಡೆಯಿತು. ಬಹಳ ನೋವಾಯಿತು ಅನ್ನುವುದು ಗೊತ್ತಿದೆ, ಆದರೆ ಈಗ ಕೂತು ಎಷ್ಟು ಯೋಚಿಸಿದರೂ ಹೊಟ್ಟೆಯಲ್ಲಿ ಏನೂ ಆಗುವುದಿಲ್ಲ. ಆದರೆ ತೊಟ್ಟಿಲ ದಿನ ಮಗುವನ್ನು ನೋಡಿ ಒಬ್ಬರು "ಮತ್ತ ಹೆಣ್ಣ ಏನು" ಅಂದ ಒಂದು ಮಾತಿದೆ. ಅದು ಮೊದಲ ಮಗು, ಮತ್ತ ಅನ್ನುವುದಕ್ಕೆ ಲೆಕ್ಕವೂ ಇರಲಿಲ್ಲ. ನನ್ನ ಅಕ್ಕನಿಗೂ ಹೆಣ್ಣಾಗಿತ್ತು, ಅದಕ್ಕೆ. ಈ ಸಾಲು ಬರೆಯುವಾಗ ನನ್ನ ಕಿವಿ ಬಿಸಿಯಾಗಿದೆ. ಮಗಳು ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ.

ಆ ಹುಡುಗ ಹೇಳಿದ್ದನ್ನು ಮೇಡಂಗೆ ಹೇಳಿದೆ. ಅವರು ಅವನನ್ನು ಬಿಟ್ಟುಕೊಡಲಿಲ್ಲ, ನನ್ನನ್ನೂ ಬಿಟ್ಟುಕೊಡಲಿಲ್ಲ. ಕ್ಷಮೆ ಕೇಳಿಸುವ ನಾಟಕ ಆಗಲಿಲ್ಲ, ಒಳ್ಳೆಯದಾಯಿತು. ಆದರೆ ಸಂಜೆ ಪಾಳಿಗೆ ಅವರೇ ಬರುವ ವ್ಯವಸ್ಥೆಯೂ ಆಗಲಿಲ್ಲ. ಅಂದರೆ ಇಡೀ ಸೆಂಟರಿನಲ್ಲಿ ಎರಡನೇ ಕಾಲಂ ಓದಲು ಬರುವುದು ಒಬ್ಬರಿಗೇ. ಅವರು ರಜೆ ಹಾಕಿದ ದಿನ ಆ ಕಾಲಂ ಸುಮ್ಮನೆ ಹಾಳೆಯಲ್ಲಿ ಇರುತ್ತದೆ. ಸ್ಟಾರ್ ಹೋಗಿದ್ದು ಅದಕ್ಕೆ, ಹುಡುಗನ ಒಂದು ಮಾತಿಗಲ್ಲ.

ಒಂದು ಮಾತು ಸ್ಪಷ್ಟ ಇರಲಿ. ಇದು ಮನೋವೈದ್ಯರ ಕ್ಲಿನಿಕ್ ಅಲ್ಲ, ಮೇಡಂ ಹಾಗೆ ಹೇಳಿಕೊಳ್ಳುವುದೂ ಇಲ್ಲ. ಎರಡನೇ ಕಾಲಂ ವಾರಗಟ್ಟಲೆ ಮೇಲೇ ನಿಂತಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅವರು ನೇರವಾಗಿ ಬೇರೆ ಕಡೆ ಕಳಿಸುತ್ತಾರೆ. ಗೋಡೆಯ ಮೇಲೆ 14416 ಅಂತ ದೊಡ್ಡದಾಗಿ ಬರೆಸಿದ್ದಾರೆ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾನು ಒಂದು ರಾತ್ರಿ ಮಾಡಿದ್ದೆ. ಎತ್ತಿದ ಹೆಣ್ಣುಮಗಳು ಭುಜದ ಬಗ್ಗೆ ಕೇಳಿದ್ದು ಸ್ವಲ್ಪ, ಶಾಲೆ ಬಗ್ಗೆ ಕೇಳಿದ್ದು ಜಾಸ್ತಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅಂತ ಮಾನಸಿಕ ಆರೋಗ್ಯದ ಹೊರರೋಗಿ ಸೇವೆಯೂ ಇದೆ, ಹೋಗುವ ಮುಂಚೆ ವಿಚಾರಿಸಿಕೊಳ್ಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮೆ ಕಂಪನಿಗಳು ಮೈ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಕೊಡುತ್ತವೋ ಮಾನಸಿಕ ಕಾಯಿಲೆಗೂ ಅದೇ ಆಧಾರದ ಮೇಲೆ ಕೊಡಬೇಕು. ಪಾಲಿಸಿ ಕಾಗದ ತೆಗೆದು ಓದಿ ನೋಡಿ, ಯಾರೂ ತಾವಾಗಿ ಹೇಳುವುದಿಲ್ಲ.

ಈಗ ನನ್ನ ಕೈ ಎಲ್ಲಿಗೆ ಬಂತು? ಬೋರ್ಡಿನ ಮೇಲಿನ ಸಾಲು ಸಿಗುತ್ತಿದೆ. ತಲೆ ಬಾಚುತ್ತೇನೆ. ಹುಕ್ಕು ಇನ್ನೂ ಮಗಳಿಂದಲೇ, ಅವಳು ಹಾಸ್ಟೆಲಿನಲ್ಲಿದ್ದಾಗ ಮುಂದೆ ಹುಕ್ಕು ಇರುವ ಕುಪ್ಪಸ. ರೊಟ್ಟಿ ಬಡಿಯಬಲ್ಲೆ, ಆದರೆ ಬಡಿಯುತ್ತಿಲ್ಲ. ಅಂಗಡಿಯದ್ದೇ ಇರಲಿ ಅಂದೆ. ಈಗ ಅತ್ತೆಗೆ ಬೇಜಾರು.

ಯಾರು ಹೋಗಬಹುದು: ಭುಜ, ಸೊಂಟ, ಮಂಡಿ, ಪಾರ್ಶ್ವವಾಯು ಆದ ಮೇಲಿನ ವ್ಯಾಯಾಮ. ಯಾರು ಹೋಗಬಾರದು: ಬಿದ್ದು ಪೆಟ್ಟಾದವರು, ಕೈಕಾಲಿನ ಶಕ್ತಿ ಏಕಾಏಕಿ ಹೋದವರು, ಎದೆಯಿಂದ ಎಡಗೈಗೆ ನೋವು ಇಳಿಯುತ್ತಿರುವವರು. ನೀವು ಮೊದಲು ಆಸ್ಪತ್ರೆಗೆ ಹೋಗಿ, ಇಲ್ಲಿ ಬಂದು ಕ್ಯೂ ನಿಲ್ಲಬೇಡಿ. ಸೋಮವಾರ ಬೆಳಿಗ್ಗೆ ಸಿಕ್ಕಾಪಟ್ಟೆ ಗದ್ದಲ. ಹೋಗುವುದಾದರೆ ಬೆಳಿಗ್ಗೆಯ ಪಾಳಿಗೇ ಹೋಗಿ, ಮೇಡಂ ಇದ್ದಾರಾ ಅಂತ ಫೋನ್ ಮಾಡಿ ಕೇಳಿಕೊಂಡು ಹೋಗಿ. ನೋಟ್‌ಬುಕ್ ಅವರಾಗಿ ಎಲ್ಲರಿಗೂ ಕೊಡುವುದಿಲ್ಲ, ಕೇಳಿ ತೆಗೆದುಕೊಳ್ಳಿ. ಪೆನ್ ನಿಮ್ಮದೇ ಒಯ್ಯಿರಿ. ಅಲ್ಲಿರುವ ಪೆನ್ನನ್ನು ಕಿಟಕಿ ಸರಳಿಗೆ ದಾರ ಹಾಕಿ ಕಟ್ಟಿದ್ದಾರೆ, ಅದೂ ಭುಜಕ್ಕಿಂತ ಎತ್ತರದಲ್ಲಿ.